ಅವ್ವನ ಪಾಲಿಗೆ ಬಂದ ದೇಶ

ನಮ್ಮ ಕ್ರೈಸ್ತ ಸಭೆಯಲ್ಲಿ ವರ್ಷದ ಮೊದಲ ರವಿವಾರ ದೇಶ ಹಂಚುತ್ತಾರೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ, ಮನೆಗೊಂದು. ಆರಾಧನೆ ಮುಗಿದ ಮೇಲೆ ಹಿತ್ತಾಳೆಯ ತಂಬಿಗೆಯೊಳಗೆ ಚೀಟಿ ಹಾಕಿ ಕುಲುಕುತ್ತಾರೆ. ಮನೆಯ ಹಿರಿಯರು ಬಂದು ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು. ಅದರಲ್ಲಿ ಯಾವ ದೇಶದ ಹೆಸರಿದೆಯೋ ಆ ದೇಶಕ್ಕಾಗಿ ಆ ಮನೆಯವರು ವರ್ಷಪೂರ್ತಿ ಪ್ರಾರ್ಥನೆ ಮಾಡಬೇಕು. ಲೋಕದ ಎಲ್ಲ ದೇಶಗಳಿಗೂ ದೇವರೇ ಅರಸ ಎಂದು ನಂಬಿದ ಮೇಲೆ, ಕಾಗವಾಡದ ಹತ್ತಿರದ ಒಂದು ತಗಡಿನ ಛಾವಣಿಯ ಮಂದಿರದಿಂದ ಲೋಕದ ಯೋಗಕ್ಷೇಮ ವಿಚಾರಿಸಿದರೆ ತಪ್ಪೇನು ಎಂಬುದು ನಮ್ಮ ಹಿರಿಯರ ವಾದ. ಚೀಟಿ ಬರೆಯುವ ಕೆಲಸ ನನ್ನದು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ, ಮನೆಯಲ್ಲಿ ನಕ್ಷೆಗಳ ಪುಸ್ತಕವಿದೆ, ಮದುವೆಯಾಗಿಲ್ಲ. ಆದ್ದರಿಂದ ನನಗೆ ಬೇರೆ ಕೆಲಸವಿಲ್ಲ ಎಂದು ಸಭೆಯವರು ತಾವೇ ತೀರ್ಮಾನ ಮಾಡಿಕೊಂಡಿದ್ದಾರೆ.

ಒಮ್ಮೆ ಬಿದ್ದ ಚೀಟಿ ಬದಲಿಸುವಂತಿಲ್ಲ. ಅದು ದೇವರೇ ಕೊಟ್ಟ ದೇಶ. ಒಂದು ವರ್ಷ ಬ್ಯಾಂಕಿನ ಒಬ್ಬರಿಗೆ ಬಂದ ದೇಶ ಕ್ರಿಕೆಟ್ಟಿನಲ್ಲಿ ನಮ್ಮನ್ನು ಹೀನಾಯವಾಗಿ ಸೋಲಿಸಿತು. ಪಾಪ, ಆತ ಮರು ರವಿವಾರ ಮಂದಿರಕ್ಕೆ ಬರಲೇ ಇಲ್ಲ. ಬಂದಾಗ ಎಲ್ಲರೂ ಆತನನ್ನು ನೋಡಿದ ರೀತಿ ಇತ್ತಲ್ಲ, ಬೌಲಿಂಗ್ ಮಾಡಿದ್ದೇ ಆತ ಅನ್ನುವ ಹಾಗೆ.

ನಮ್ಮ ಅವ್ವ ಇಂಥದ್ದನ್ನೆಲ್ಲ ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಒಂದು ವರ್ಷ ಅವಳಿಗೆ ಸಮುದ್ರದ ನಡುವಿನ ಒಂದು ಸಣ್ಣ ದ್ವೀಪ ಬಿತ್ತು. ಇಲ್ಲಿ ಕೃಷ್ಣೆಗೆ ನೀರು ಬಂದರೂ ಅಲ್ಲಿಯದೇ ಚಿಂತೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ನನ್ನನ್ನು ಕೇಳುವಳು: “ನನ್ನ ದೇಶ ಮುಳುಗಿಲ್ಲ ಹೌದಲ್ಲ? ಮೊಬೈಲ್ ನೋಡಿ ಹೇಳು.” ಮುಳುಗಿಲ್ಲ ಎಂದ ಮೇಲೆಯೇ ಚಹಾ. ಆ ವರ್ಷ ನಾನು ಎಷ್ಟು ಸಿಡುಕಿದೆನೋ ದೇವರಿಗೇ ಗೊತ್ತು.

ಈಗ ಹೇಳಹೊರಟಿರುವ ವರ್ಷ ಅವ್ವನಿಗೆ ಒಂದು ದೊಡ್ಡ ದೇಶ ಬಂತು. ನಮ್ಮ ಮಾವಶಿಗೆ ಅದರ ಪಕ್ಕದ ಸಣ್ಣ ದೇಶ ಬಂತು. ಕೆಲವೇ ತಿಂಗಳಲ್ಲಿ ಆ ಎರಡು ದೇಶಗಳ ನಡುವೆ ಯುದ್ಧ ಹತ್ತಿಕೊಂಡಿತು. ಆ ದೇಶಗಳ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನೀವೂ ಒಂದು ಪಕ್ಷ ಹಿಡಿಯುತ್ತೀರಿ. ಪಕ್ಷ ಹಿಡಿದವರನ್ನು ಆ ವರ್ಷ ನೋಡಿ ನನಗೆ ಸಾಕಾಗಿದೆ.

ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವಳು ಅವ್ವನ ಸ್ವಂತ ತಂಗಿಯಲ್ಲ, ಗೆಳತಿ. ಅವ್ವ ಅಥಣಿ ಕಡೆಯ ಕನ್ನಡದವಳು, ಮಾವಶಿ ಮಿರಜ ಕಡೆಯ ಮರಾಠಿಯವಳು. ಮಾವಶಿಯ ಗಂಡನಿಗೆ ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸವಿತ್ತು. ಇಬ್ಬರೂ ಹೊಸ ಮದುವಣಗಿತ್ತಿಯರಾಗಿ ಒಂದೇ ವರ್ಷ ಈ ಊರಿಗೆ ಬಂದು, ಒಂದೇ ಓಣಿಯಲ್ಲಿ ಒಲೆ ಹೂಡಿದರು. ನಾನು ಹುಟ್ಟಿದಾಗ ಅವ್ವನಿಗೆ ಜ್ವರ ಬಂದು ಹಾಲು ನಿಂತಿತಂತೆ. ಮಾವಶಿ ತನ್ನ ಮಗನ ಜೊತೆ ನನಗೂ ಎದೆಹಾಲು ಕೊಟ್ಟಳು. ಹೀಗಾಗಿ ನನ್ನನ್ನು ಬೈಯುವ ಅಧಿಕಾರ ಇಬ್ಬರಿಗೂ ಇದೆ, ಇಬ್ಬರೂ ಅದನ್ನು ಧಾರಾಳವಾಗಿ ಬಳಸುತ್ತಾರೆ.

ಗಡಿಯ ಜಗಳ ಈ ಇಬ್ಬರ ನಡುವೆ ಎಂದೂ ಬಂದಿರಲಿಲ್ಲ. ಚಳಿಗಾಲ ಬಂತೆಂದರೆ ನಮ್ಮ ಕಡೆ ಯಾವ ಊರು ಯಾರದೆಂಬ ಗಲಾಟೆ ಏಳುತ್ತದೆ. ಬಸ್ಸಿಗೆ ಮಸಿ ಬಳಿಯುತ್ತಾರೆ, ಆ ಕಡೆಯ ಬಸ್ಸು ಆ ಕಡೆ, ಈ ಕಡೆಯ ಬಸ್ಸು ಈ ಕಡೆ ನಿಂತುಬಿಡುತ್ತವೆ. ಅಂಥ ಒಂದು ಗಲಾಟೆಯ ದಿನವೇ ನಮ್ಮಪ್ಪ ತೀರಿಕೊಂಡರು. ಮಾವಶಿ ಆಗ ಗಡಿಯಾಚೆ ಗಂಡನ ಊರಿಗೆ ಹೋಗಿದ್ದಳು. ಬಸ್ಸಿಲ್ಲ ಎಂದು ಕೂಡದೆ, ಕಾರ್ಖಾನೆಗೆ ಕಬ್ಬು ತರುತ್ತಿದ್ದ ಟ್ರ್ಯಾಕ್ಟರ್ ತಡೆದು, ಡ್ರೈವರನ ಪಕ್ಕ ಕೂತು ಬಂದಳು. ಮಣ್ಣಿನ ಹೊತ್ತಿಗೆ ಸರಿಯಾಗಿ ಬಂದು ಅವ್ವನ ಕೈ ಹಿಡಿದಾಗ ಅವಳ ತಲೆಯಲ್ಲಿ ಕಬ್ಬಿನ ಒಣ ರವದಿಯ ಗರಿ ಸಿಕ್ಕಿಕೊಂಡಿತ್ತು. ಅವ್ವ ಅಳುತ್ತಲೇ ಒಂದೊಂದಾಗಿ ಅದನ್ನು ತೆಗೆದಳು.

ನಮ್ಮ ಸಭೆಯ ಸ್ಮಶಾನ ಊರ ಹೊರಗೆ ಕಬ್ಬಿನ ಹೊಲಕ್ಕೆ ಹತ್ತಿಕೊಂಡಿದೆ. ಅಲ್ಲಿರುವುದು ಒಂದೇ ಬೇವಿನ ಮರ. ಅದರ ನೆರಳಿನಲ್ಲಿ ಅಪ್ಪನ ಸಮಾಧಿ. ಅಪ್ಪನ ಪಕ್ಕ ಅವ್ವ, ಅವ್ವನ ಪಕ್ಕ ಮಾವಶಿ ಎಂದು ಗೆಳತಿಯರಿಬ್ಬರೂ ಮಾತಾಡಿಕೊಂಡಿದ್ದರು. ಸಾವಿನ ಮಾತು ಬೇಡ ಎಂದು ನಾನು ರೇಗಿದರೆ ಅವ್ವ ಹೇಳುತ್ತಿದ್ದಳು: “ನಿಮ್ಮಪ್ಪ ಇದ್ದಾಗನ ನೆಟ್ಟಗ ನಾಕ ಮಾತ ಆಡಲಿಲ್ಲ, ಅಲ್ಲಿ ಹೋಗಿ ಆಡ್ತಾರೇನ? ಮಗ್ಗಲಕ ಮಾತಾಡಾಕ ನನಗ ಒಬ್ಬಾಕಿ ಬೇಕಲ್ಲ.”

ಆ ಮಾತು ಆ ಚೀಟಿ ಎತ್ತುವ ಹಿಂದಿನ ಕ್ರಿಸ್ಮಸ್ಸಿಗೆ ಮುರಿಯಿತು. ಮಾವಶಿ ನಮ್ಮ ಅಡುಗೆಮನೆಯಲ್ಲಿ ಕರಜಿಕಾಯಿ ಕರಿಯುತ್ತಾ, ಎಣ್ಣೆಯ ಮೇಲೆ ಕಣ್ಣಿಟ್ಟು ಹೇಳಿದಳು:

“ಅಗ ಬಾಯಿ, ಮಗಾ ಅಂದಾನ, ಆಯಿ, ನಿನ್ನನ್ನ ಬಾಬಾನ ಮಗ್ಗಲಕನ ಇಡ್ತೀನಿ ಅಂತ. ನಾ ಹೂಂ ಅಂದೇನಿ.”

ಮಾವಶಿಯ ಗಂಡನನ್ನು ಮಣ್ಣು ಮಾಡಿದ್ದು ಗಡಿಯಾಚೆಯ ಅವರ ಊರಿನಲ್ಲಿ. ಅವ್ವ ಲಟ್ಟಣಿಗೆ ಕೆಳಗಿಟ್ಟಳು.

“ಹೋಗ ಹಂಗಾದ್ರ,” ಅಂದಳು. ಆ ಹಬ್ಬದ ಕರಜಿಕಾಯಿ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡವು.

ಮಾತು ಬಿಟ್ಟರು ಎನ್ನುವಂತಿಲ್ಲ. “ಉಪ್ಪ ಕೊಡು”, “ಬಾಗಿಲಾ ಹಾಕು” ನಡೆಯುತ್ತಿತ್ತು. ನಿಂತದ್ದು ಅವ್ವನ ಆಮೆನ್. ಅವ್ವನ ಆಮೆನ್ ನಮ್ಮ ಸಭೆಯಲ್ಲಿ ಪ್ರಸಿದ್ಧ. ಯಾರೇ ಪ್ರಾರ್ಥನೆ ಮುಗಿಸಲಿ, ತಗಡು ನಡುಗುವಂತೆ ಆಮೆನ್ ಎನ್ನುವಳು. ಮಲಗಿದ ಕೂಸುಗಳು ಎದ್ದು ಅಳುತ್ತವೆ. ಆ ಕ್ರಿಸ್ಮಸ್ಸಿನಿಂದ ಮಾವಶಿ ಪ್ರಾರ್ಥನೆ ಮಾಡಿದರೆ ಮಾತ್ರ ಅವ್ವ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲರ ಆಮೆನ್ ನಡುವೆ ಆ ಒಂದು ಇಲ್ಲದ ಆಮೆನ್ ಎಲ್ಲರಿಗೂ ಕೇಳಿಸುತ್ತಿತ್ತು. ಮಾವಶಿಗಂತೂ ಕಿವಿ ತುಂಬ.

ಇಂಥ ಹೊತ್ತಿನಲ್ಲಿ ಬಿದ್ದವು ಆ ಚೀಟಿಗಳು. ಮೊದಲು ಎಲ್ಲ ಶಾಂತವಾಗಿಯೇ ಇತ್ತು. ಅವ್ವ ತನ್ನ ದೇಶದ ವಿಚಾರಣೆ ಶುರು ಮಾಡಿದಳು. ಅಲ್ಲಿ ಏನು ಬೆಳೆಯುತ್ತಾರೆ ಎಂದಳು. ಗೋಧಿ ಎಂದೆ. “ಜ್ವಾಳಾ ಇಲ್ಲೇನ?” ಎಂದು ಕೇಳಿ, ಇಲ್ಲ ಎಂದಾಗ ಆ ದೇಶದವರ ಆರೋಗ್ಯಕ್ಕಾಗಿ ವಿಶೇಷ ಪ್ರಾರ್ಥನೆ ಮಾಡಿದಳು. ಆಮೇಲೆ ಯುದ್ಧ ಬಂತು.

ನಮ್ಮಲ್ಲಿ ಪ್ರತಿ ಶನಿವಾರ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಚಾಪೆಯ ಮೇಲೆ ಸುತ್ತ ಕೂತು ಸರದಿಯ ಮೇಲೆ ಬಾಯಿ ಬಿಟ್ಟು ಪ್ರಾರ್ಥಿಸಬೇಕು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಕಣ್ಣು ತೆರೆಯುವಂತಿಲ್ಲ, ಎದ್ದು ಹೋಗುವಂತಿಲ್ಲ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಲೋಕದಲ್ಲಿ ಇನ್ನೊಂದಿಲ್ಲ ಎಂದು ನನಗೆ ಆ ವರ್ಷ ತಿಳಿಯಿತು.

ಮಾವಶಿಯ ಪ್ರಾರ್ಥನೆ ಮರಾಠಿಯಲ್ಲಿ. ಅವ್ವನಿಗೆ ತಾಗಬೇಕಾದ ಮಾತು ಬಂದಾಗ ಮಾತ್ರ ಕನ್ನಡಕ್ಕೆ ಹೊರಳುವಳು.

“ದೇವಾ, ತುಲಾ ಸಗಳಂ ಮಾಹಿತ ಆಹೇ, ನಿನಗ ಎಲ್ಲಾ ಗೊತ್ತೈತಿ. ಮಂದಿ ಮನಿಗೆ ನುಗ್ಗಿದವರ ಕೈಕಾಲ ಕಟ್ಟು. ಅಂಥಾವರ ಪರವಾಗಿ ಪ್ರಾರ್ಥನಾ ಮಾಡೂ ಮಂದಿ ಇಲ್ಲೇ ಚಾಪಿ ಮ್ಯಾಲ ಕುಂತಾರ. ಅವರಿಗೂ ಬುದ್ಧಿ ಕೊಡು. ಆಮೆನ್.”

ಮುಂದಿನ ಸರದಿ ಅವ್ವನದು. ಅವ್ವ ಗ್ರಾಂಥಿಕ ಕನ್ನಡದಲ್ಲಿ ಹೊರಡುವಳು. ಸಿಟ್ಟು ಏರಿದಂತೆ ಭಾಷೆ ಇಳಿದು ಅಥಣಿ ಬಸ್ ಸ್ಟ್ಯಾಂಡಿಗೆ ಬಂದು ಮುಟ್ಟುವುದು.

“ಪ್ರೀತಿಯುಳ್ಳ ತಂದೆಯೇ, ನೀನು ಸಮಸ್ತವನ್ನೂ ಬಲ್ಲವನಾಗಿದ್ದೀ. ಮೊದಲ ಕೆಣಕಿದವರು ಯಾರು ಅನ್ನೂದೂ ನಿನಗ ಗೊತ್ತೈತಿ. ಮಾತ ಕೊಟ್ಟು ತಿರುಗಿ ಬಿದ್ದವರನ್ನ ನೀ ನೋಡಿಕೊ ಸ್ವಾಮಿ. ವರ್ಷಾನುಗಟ್ಲೆ ಒಂದ ತಾಟಿನ್ಯಾಗ ಉಂಡು, ಆಮ್ಯಾಗ ನನ್ನ ಊರು ಬ್ಯಾರೆ ಅನ್ನಾವರನ್ನೂ ನೋಡಿಕೊ. ಆಮೆನ್.”

ಎರಡು ದೇಶಗಳು ಯಾವ ತಾಟಿನಲ್ಲಿ ಉಂಡಿದ್ದವು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಬೇವಿನ ಮರ ಕಾಣುತ್ತಿತ್ತು.

ಸರದಿ ಮುಗಿದರೂ ಯುದ್ಧ ಮುಗಿಯುತ್ತಿರಲಿಲ್ಲ. ಕೊನೆಗೆ ಬರುವ ಚಹಾ-ಚುರುಮುರಿಗೆ ಆಶೀರ್ವಾದ ಕೇಳುವ ಸಣ್ಣ ಪ್ರಾರ್ಥನೆಯೊಂದಿದೆ. ಅದನ್ನು ಮಾವಶಿ ಕಸಿದುಕೊಳ್ಳುತ್ತಿದ್ದಳು. ಒಂದು ಸಲ ಅಂದಳು: “ದೇವಾ, ಈ ಚಹಾನ ಆಶೀರ್ವಾದ ಮಾಡು. ಸಕ್ಕರಿ ಕಡಿಮಿ ಐತಿ. ಮಾಡಿದವರ ಮನಸ್ಸಿನ್ಯಾಗೂ ಕಡಿಮಿ ಐತಿ.” ಆ ದಿನ ಕೂಟ ನಮ್ಮ ಮನೆಯಲ್ಲಿತ್ತು. ಚಹಾ ಮಾಡಿದವಳು ನಾನು. ನನ್ನ ತಪ್ಪಿಲ್ಲದೆ ನಾನು ಪರಲೋಕದಲ್ಲಿ ಕೆಟ್ಟವಳಾದೆ.

ಪಕ್ಕದ ಮನೆಯ ಕಾಕುಗೆ ಇದು ಹಬ್ಬ. ಕಾಕು ದ್ರಾಕ್ಷಿ ತೋಟದ ಮನೆಯವಳು, ನಮ್ಮ ಸಭೆಯವಳಲ್ಲ. ಅವರ ಮನೆದೇವರು ಮಂಗಸೂಳಿಯ ಮಲ್ಲಯ್ಯ. ಮೊದಲು ನಮ್ಮ ಓಣಿಯಲ್ಲಿ ಕೂಟವಿದ್ದರೆ ಮಾತ್ರ ಬಂದು ಬಾಗಿಲ ಹತ್ತಿರ ಕೂಡುತ್ತಿದ್ದಳು. ಈ ಯುದ್ಧ ಶುರುವಾದ ಮೇಲೆ ಟಿವಿಯ ಧಾರಾವಾಹಿ ಬಿಟ್ಟು ಯಾವ ಓಣಿಗಾದರೂ ಬರತೊಡಗಿದಳು. ಆದರೆ ಕಾಕು ಸುಮ್ಮನೆ ಕೂಡುವ ಜೀವವಲ್ಲ. ಒಂದು ದಿನ ಚಹಾದ ಬಟ್ಟಲು ಇಡುತ್ತಾ ಅಂದಳು:

“ಅಲ್ರಿ, ನಮ್ಮ ಮಲ್ಲಯ್ಯಗ ಗಡಿ ಆಚೆಯವರೂ ಅರಿಷಿಣದ ಭಂಡಾರ ಹಾರಸ್ತಾರ, ಈಚೆಯವರೂ ಹಾರಸ್ತಾರ. ಯಾರ್ದು ಯಾವ ಭಂಡಾರ ಅಂತ ಆತ ಆರಿಸಿ ನೋಡೂದಿಲ್ಲ, ಎಲ್ಲಾ ಹಳದಿನ. ನಿಮ್ಮಾತನ್ನ ಯಾಕ್ರಿ ಹಂಗ ಕೋರ್ಟಿಗೆ ಎಳಿತೀರಿ ನೀವು?”

“ನಮ್ಮಾತ ನ್ಯಾಯಾಧಿಪತಿನ ಅದಾನ,” ಎಂದಳು ಅವ್ವ.

“ಹೌದ್ರಿ. ಆದ್ರ ನಿಮ್ಮ ವಕೀಲ ಅಂತ ತಿಳದೀರಿ ನೀವು.”

ನನಗೆ ಕಾಕುವಿನ ಕೈಗೆ ಇನ್ನೊಂದು ಬಟ್ಟಲು ಚಹಾ ಕೊಡಬೇಕೆನಿಸಿತು, ಕೊಟ್ಟೆ. ಲೋಕದ ಒಡೆತನ ದೇವರದು ಎಂದು ಹೇಳುವುದು ಸುಲಭ. ಹಾಗೆ ಹೇಳಿದ ಬೆನ್ನಿಗೆ ನಾವೆಲ್ಲ ಅವನ ಕಾರಭಾರಿಗಳಂತೆ ನಡೆದುಕೊಳ್ಳುತ್ತೇವೆ. ನನಗೆ ಇದರ ಮೇಲೆ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಭಯವೂ ಇತ್ತು. ಈ ಇಬ್ಬರೂ ಹೀಗೆಯೇ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಕೊಂಡೇ ಹೋಗಿಬಿಟ್ಟರೆ ನಾನು ಯಾವ ತಾಯಿಯ ಕಡೆ ನಿಲ್ಲಲಿ?

ನಮ್ಮ ಪಾಸ್ಟರು ಹರೆಯದವರು. ಅಥಣಿಯಿಂದ ಬೈಕಿನ ಮೇಲೆ ಬಂದು ರಾಯಬಾಗದ ಕಡೆಯ ಸಭೆಗಳನ್ನೂ ನೋಡಿಕೊಳ್ಳಬೇಕು, ಯಾವಾಗಲೂ ಗಡಿಬಿಡಿ. ಆದರೂ ಒಂದು ಶನಿವಾರ ಗಟ್ಟಿ ಮನಸ್ಸು ಮಾಡಿ ಹೇಳಿಬಿಟ್ಟರು:

“ಆಯೀ, ಇಬ್ಬರೂ ದೇಶ ಅದಲಿ ಬದಲಿ ಮಾಡ್ಕೋರಿ. ಇವತ್ತಿನಿಂದ ಅವರ ದೇಶಕ್ಕ ನೀವು, ನಿಮ್ಮ ದೇಶಕ್ಕ ಅವರು.”

“ಬಿದ್ದ ಚೀಟಿ ಬದಲಿ ಮಾಡಾಕ ಬರಂಗಿಲ್ರಿ,” ಎಂದಳು ಅವ್ವ.

“ದೇವರು ನನ್ನ ಮನಸ್ಸಿನ್ಯಾಗ ಹಾಕ್ಯಾನ್ರಿ.”

“ಯಾವಾಗ ಹಾಕಿದಾ? ಬೈಕ್ ಮ್ಯಾಲ ಬರೂಮುಂದ ಹಾಕಿದ್ನೇನ?”

ಪಾಸ್ಟರಿಗೆ ಬೆವರು ಬಂತು, ಆದರೂ ಹಿಂದೆ ಸರಿಯಲಿಲ್ಲ. ಚೀಟಿ ಬದಲಾದವು.

ಮರು ಶನಿವಾರ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಅವ್ವ ಕಣ್ಣು ಮುಚ್ಚಿ, ಕೈ ಜೋಡಿಸಿ, ಗಂಟಲು ಸರಿ ಮಾಡಿಕೊಂಡು ಹೊರಟಳು: “ಸ್ವಾಮೀ, ನನ್ನ ಈ ಸಣ್ಣ ದೇಶದ ಮ್ಯಾಲ ಬಿದ್ದ ಆ ದೊಡ್ಡ ದೇಶದ ಸೊಕ್ಕ ಮುರಿ!” ಹಿಂದಿನ ವಾರದವರೆಗೆ ಯಾವ ದೇಶಕ್ಕಾಗಿ ಎದೆ ಬಡಿದುಕೊಂಡಿದ್ದಳೋ ಅದೇ ದೇಶದ ಸೊಕ್ಕು. ಮಾವಶಿಯೇನು ಕಡಿಮೆ? “ದೇವಾ, ದೊಡ್ಡ ದೇಶದ ಮಂದಿ ಮನಸ್ಸಿಲೆ ಬರೋಬರ ಅದಾರ, ಜಗತ್ತ ಅವರನ್ನ ತಪ್ಪ ತಿಳಕೊಂಡೈತಿ.” ಇಬ್ಬರೂ ಒಂದೇ ವಾರದಲ್ಲಿ ಪಕ್ಷಾಂತರ ಮಾಡಿದ್ದರು, ನಮ್ಮ ಶಾಸಕರಿಗೂ ಅಷ್ಟು ಬೇಗ ಆಗುವುದಿಲ್ಲ. ಬಾಗಿಲಲ್ಲಿ ಕೂತ ಕಾಕು ಸೆರಗು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಬಂತು. ಅದರ ಹಿಂದೆ ಇಡೀ ಕೂಟವೇ ನಕ್ಕಿತು. ಅವ್ವ ಮತ್ತು ಮಾವಶಿ ಮಾತ್ರ ನಗಲಿಲ್ಲ. ಜಗಳ ದೇಶದ್ದಲ್ಲವೆಂದು ಎಲ್ಲರೆದುರು ಬಯಲಾಗಿತ್ತು.

ಆದರೆ ಅವ್ವ ಕೈಗೆ ಬಂದ ದೇಶವನ್ನು ಬಿಡುವವಳಲ್ಲ. ದಿನಾ ಬೆಳಿಗ್ಗೆ ಟಿವಿ ಮುಂದೆ ಕೂತು ಈಗ ಸಣ್ಣ ದೇಶದ ಸುದ್ದಿ ನೋಡತೊಡಗಿದಳು. ಒಂದು ದಿನ ಜೋಳ ಹಸನು ಮಾಡುತ್ತಾ ಕೂತಿದ್ದಳು. ಪರದೆಯ ಮೇಲೆ ಒಂದು ಮನೆ, ಅರ್ಧ ಗೋಡೆ ಬಿದ್ದದ್ದು. ಇಬ್ಬರು ಗಂಡಸರು ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ಕಂಬಳಿ ಸುತ್ತಿದ ಒಂದು ಹೆಣ. ಮುದುಕಿಯದಂತೆ.

“ಅಲ್ಲಿ ಸ್ಮಶಾನ ಇಲ್ಲೇನ?” ಎಂದಳು.

“ಐತಿ ಅವ್ವಾ. ಹೋಗಾಕ ಆಗೂದಿಲ್ಲ. ದಾರಿ ತುಂಬ ಬಾಂಬ್ ಬೀಳಾಕತ್ತಾವ.”

ಅವ್ವನ ಕೈ ಮೊರದಲ್ಲಿ ನಿಂತಿತು. “ಹಿತ್ತಲದಾಗ ಇಟ್ರಲ್ಲೋ ಯಪ್ಪಾ,” ಎಂದಳು. ಆ ದಿನ ಮಧ್ಯಾಹ್ನ ರೊಟ್ಟಿ ಅರ್ಧಕ್ಕೇ ಬಿಟ್ಟಳು. ನನಗೂ ಊಟ ಸೇರಲಿಲ್ಲ.

ಆ ಶನಿವಾರ ಕೂಟ ನಮ್ಮ ಮನೆಯಲ್ಲೇ. ಅವ್ವನ ಸರದಿ ಬಂತು. ಗ್ರಾಂಥಿಕ ಕನ್ನಡದಲ್ಲಿ ಹೊರಟವಳು ಎರಡನೆಯ ವಾಕ್ಯಕ್ಕೇ ನಿಂತಳು. ಆಮೇಲೆ ಅಥಣಿಯ ಮಾತಿಗೆ ಇಳಿದಳು.

“ಸ್ವಾಮೀ, ಹಿತ್ತಲದಾಗ ಇಟ್ರು. ಆ ಮುದುಕಿಗೂ ಒಬ್ಬಾಕಿ ಗೆಳತಿ ಇದ್ದಿರಬೇಕು. ಅಕಿಗೆ ಬರಾಕ ಆಗಿರಾಕಿಲ್ಲ. ಆ ಮಣ್ಣೂ ನಿಂದು, ಈ ಮಣ್ಣೂ ನಿಂದು, ಎಲ್ಲಾ ದೇಶಾನೂ ನಿಂದು ಅಂತ ನಾ ದಿನಾ ಹೇಳ್ತೀನಿ. ಆದ್ರ ಬೇವಿನ ಗಿಡದ ಬುಡಕಿನ ಮಣ್ಣಷ್ಟ ನಂದು ಅಂತ ತಿಳದಿದ್ದೆ. ನನಗ ಸಿಟ್ಟಲ್ಲ ಸ್ವಾಮಿ, ಅಂಜಿಕಿ. ಅಕಿನ್ನ ಅಲ್ಲಿ ಇಡೂ ದಿವಸ ಬಸ್ ಬಂದ್ ಇದ್ರ ನಾ ಅಕಿ ಮಣ್ಣಿಗೆ ಹೆಂಗ ಹೋಗ್ಲಿ? ನನ್ನ ಮೊಣಕಾಲ ಟ್ರ್ಯಾಕ್ಟರ್ ಹತ್ತಂಗಿಲ್ಲ.”

ಅಷ್ಟಕ್ಕೆ ನಿಲ್ಲಿಸಿದಳು. ಆಮೆನ್ ಎನ್ನಲಿಲ್ಲ. ಪ್ರಾರ್ಥಿಸಿದವರು ಆಮೆನ್ ಎನ್ನದೆ ಪ್ರಾರ್ಥನೆ ಮುಗಿಯುವುದಿಲ್ಲ. ಮುಗಿಯದೆ ಯಾರೂ ಕಣ್ಣು ತೆರೆಯುವಂತಿಲ್ಲ. ಗಡಿಬಿಡಿಯ ಪಾಸ್ಟರು ಕೂಡ ಕದಲದೆ ಕೂತರು. ಆಗ ಮಾವಶಿಯ ದನಿ ಬಂತು. ಸರದಿ ಅವಳದಲ್ಲ. ಮರಾಠಿಯ ಒಂದು ಮಾತೂ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ಕನ್ನಡ.

“ದೇವಾ, ಇಕಿಗೆ ಹೇಳು. ಮೊದಲ, ನಾ ಇನ್ನೂ ಸತ್ತಿಲ್ಲ ಅಂತ ಹೇಳು. ಇಕಿಗೆ ಮಗ್ಗಲಕ ಯಜಮಾನ್ರು ಅದಾರ. ನಮ್ಮವರು ಅಲ್ಲಿ ಒಬ್ಬರ ಮಲಗ್ಯಾರ. ನನಗೂ ಅವರ ಮಗ್ಗಲಕ ಇರೂ ಆಸೆ ಐತಿ, ಅದು ಇಕಿನ್ನ ಬಿಟ್ಟ ಹೋಗೂದಲ್ಲ ಅಂತ ಹೇಳು. ನನ್ನ ಮಣ್ಣಿಗೆ ಬರಾಕ ಆಗಲಿಲ್ಲ ಅಂದ್ರ ಬ್ಯಾಡ, ಮನ್ಯಾಗ ಕುಂತ ಅಳಲಿ. ಇಕಿ ಅತ್ರ ನನಗ ಅಲ್ಲಿ ಕೇಳಸತೈತಿ, ಅಷ್ಟ ದೊಡ್ಡ ಬಾಯಿ ಐತಿ ಇಕಿದು. ಕಡಿಕ ನೀ ಸತ್ತವರನ್ನೆಲ್ಲಾ ಎಬ್ಬಸ್ತೀಯಲ್ಲ, ಆವತ್ತ ಗಡಿನಾಗ ಬಸ್ ಬಂದ್ ಇರಂಗಿಲ್ಲ. ನಾ ಎದ್ದಾಕಿನ ಮೊದಲ ಈ ಊರಿಗೆ ಬರ್ತೀನಿ ಅಂತ ಹೇಳು. ಆಮೆನ್.”

ಎಲ್ಲರೂ ಆಮೆನ್ ಎಂದರು. ಕಾಕುವೂ ಎಂದಳು. ಅವ್ವನದು ಬರಲಿಲ್ಲ. ನಾನು ನಿಯಮ ಮುರಿದು ಕಣ್ಣು ತೆರೆದೆ. ಮಾವಶಿ ನನಗಿಂತ ಮೊದಲೇ ತೆರೆದು ಅವ್ವನನ್ನೇ ನೋಡುತ್ತಿದ್ದಳು. ಅವ್ವ ಇನ್ನೂ ಕಣ್ಣು ಮುಚ್ಚಿಕೊಂಡೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಬಂತು ಆ ಆಮೆನ್. ಕಪಾಟಿನ ತಾಟುಗಳು ಗಡಗಡ ಎಂದವು, ಕಾಕು ಕೂತಲ್ಲೇ ಹಾರಿದಳು. ಆ ಸದ್ದು ಅಡಗುವ ಮೊದಲೇ ಅವ್ವ ಕಣ್ಣು ಬಿಟ್ಟು ಮಾವಶಿಯ ಕಡೆ ತಿರುಗಿ ಬೆರಳು ತೋರಿಸಿದಳು:

“ಮೊದಲನೇ ಬಸ್ಸಿಗೇ ಬಾ. ಎರಡನೇದಕ್ಕ ಬಂದ್ರ ನಾ ಮಾತಾಡಂಗಿಲ್ಲ.”